ಹಿಟ್ಟಿನ ಮಿಲ್ಲಿನ ಮೇಡಂ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ಜಯನಗರದ ಟಿ ಬ್ಲಾಕಿನ ಒಂದು ಮನೆಯ ಊಟದ ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ 8 ಎಂಬ ಅಂಕಿ 38 ಆಯಿತು.

ಮೇಜಿನ ಮೇಲಿದ್ದದ್ದು ನರ್ಸ್ ಸಿಸ್ಟರ್ ಒಬ್ಬರ ಮೊಬೈಲು. ಅದರೊಳಗೆ ನಮ್ಮ ಕಂಪನಿಯ ಆಪ್. ಮನೆಮನೆಗೆ ನರ್ಸುಗಳನ್ನು ಕಳಿಸುವ ಸಣ್ಣ ಕಂಪನಿ ನಮ್ಮದು. ಯಾವ ಮನೆಯಲ್ಲಿ ಯಾರಿಗೆ ಎಷ್ಟು ಔಷಧ ಕೊಡಬೇಕೆಂದು ಆಪ್ ತೋರಿಸುತ್ತದೆ. ಅದು ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಆಫೀಸಿನಲ್ಲಿ ಕೂತು ಪರೀಕ್ಷಿಸಿದರೆ ಸಾಲದು, ಮನೆಗಳಿಗೂ ಹೋಗಿ ನೋಡು ಎಂದು ಆಫೀಸಿನಲ್ಲಿ ಹೇಳಿದ್ದರಿಂದ ಅಂದು ಸಿಸ್ಟರ್ ಜೊತೆ ಹೋಗಿದ್ದೆ. ಮೇಜಿನ ಆಚೆ ಒಬ್ಬರು ಅಜ್ಜಿ, ಬೆಳಗಿನ ಇನ್ಸುಲಿನ್ನಿಗೆಂದು ಸೆರಗು ಸರಿಸಿಕೊಂಡು ಕೂತಿದ್ದರು. ಪರದೆಯ ಮೇಲೆ ಅವರ ಹೆಸರು, ಕೆಳಗೆ 8 ಯೂನಿಟ್. ಸಿಸ್ಟರ್ ಕೈ ತೊಳೆಯಲು ಒಳಗೆ ಹೋದರು. ಆಗ ಅಜ್ಜಿಯ ಹೆಸರು ಇದ್ದಲ್ಲೇ ಇತ್ತು. ಅದರ ಕೆಳಗಿನ ಅಂಕಿ ಮಾತ್ರ ಒಮ್ಮೆ ಮಿಣುಕಿ 38 ಆಯಿತು.

ಮೊದಲು ನೋಡಿದ್ದು ನಿಜವಾಗಿ ಎಂಟೇನಾ ಎಂದು ನಾನು ಯೋಚಿಸುವಷ್ಟರಲ್ಲಿ ಸಿಸ್ಟರ್ ಬಂದರು, ಪರದೆ ನೋಡಿದರು, ಬಾಟಲಿಗೆ ಸಿರಿಂಜ್ ಚುಚ್ಚಿ ಎಳೆಯತೊಡಗಿದರು. ಈಗಲೂ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ಅಮ್ಮ ಎಣ್ಣೆ ಅಳೆಯುವಾಗ, ಆ ಸಿರಿಂಜಿನೊಳಗೆ ಏರುತ್ತಿದ್ದ ಔಷಧ ನನಗೆ ಕಾಣುತ್ತದೆ. ಎಂಟು ದಾಟಿತು. ಇಪ್ಪತ್ತು ದಾಟಿತು. ಅಷ್ಟು ಇನ್ಸುಲಿನ್ ಒಳಗೆ ಹೋಗಿದ್ದರೆ ಅಜ್ಜಿ ಮಧ್ಯಾಹ್ನದ ಊಟಕ್ಕೆ ಏಳುತ್ತಿರಲಿಲ್ಲ.

ಅಂದು ಹಾಗಾಗಲಿಲ್ಲ. ಆಗದಿರಲು ಕಾರಣ ಒಬ್ಬ ಹೆಂಗಸು. ಆಗುವ ಹಂತಕ್ಕೆ ಬಂದದ್ದಕ್ಕೂ ಕಾರಣ ಅದೇ ಹೆಂಗಸು. ಆಪ್‌ನ ಬಹುಪಾಲು ಬರೆದವರು ಅವರು. ಹೋದ ತಿಂಗಳು ಕೆಲಸ ಬಿಟ್ಟು ಹೋದರು. ನಿಮ್ಮ ಬಗ್ಗೆ ಬರೆಯಲಾ ಎಂದು ಕೇಳಿದೆ. "ಬರಿ. ಆದ್ರೆ ನನ್ ಹೆಸರು ಹಾಕ್ಬೇಡ. ಹಾಕಿದ್ರೆ ಹಿಟ್ಟು ಹಾಕ್ಸಕ್ಕೆ ಬಂದೋರೆಲ್ಲ ಕಂಪ್ಯೂಟರ್ ರಿಪೇರಿ ಮಾಡ್ತೀರಾ ಅಂತ ಕೇಳ್ತಾರೆ" ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಮೇಡಂ.

ಮೇಡಂ ಅವರದು ಬನಶಂಕರಿಯ ಹಿಟ್ಟಿನ ಮಿಲ್ಲಿನ ಮನೆ. ಕೆಳಗೆ ಮಿಲ್ಲು, ಮೇಲೆ ವಾಸ. ತಂದೆ ನಡೆಸುತ್ತಿದ್ದದ್ದನ್ನು ಆಗ ಅಣ್ಣ ನಡೆಸುತ್ತಿದ್ದರು. ಮೇಡಂ ಇಂಜಿನಿಯರಿಂಗ್ ಓದಿ, ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿ, ತಂದೆಗೆ ಸಕ್ಕರೆ ಕಾಯಿಲೆ ಜಾಸ್ತಿಯಾದಾಗ ಬಿಟ್ಟು ಮನೆಯಲ್ಲಿದ್ದರು. ಆಗ ದಿನಾ ಬಂದು ಇಂಜೆಕ್ಷನ್ ಕೊಡುತ್ತಿದ್ದ ನರ್ಸ್ ಒಬ್ಬರನ್ನು ಕಂಡೇ, ತಂದೆ ತೀರಿಹೋದ ಮೇಲೆ, ಈ ಕೆಲಸಕ್ಕೆ ಸೇರಿದ್ದಂತೆ. ಜೆ.ಪಿ. ನಗರದಲ್ಲಿ ಬೇಕರಿಯ ಮೇಲಿದ್ದ ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ದೊಡ್ಡವರು ಅವರು. ಕಾಟನ್ ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ. ಹೆಸರು ಹಿಡಿದು ಕರೆಯಿರಿ ಎಂದು ಎಷ್ಟು ಹೇಳಿದರೂ ನಮ್ಮ ಬಾಯಿಗೆ ಬರುತ್ತಿರಲಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಕಂಪ್ಯೂಟರಿನ ಮುಂದೆ ಕೂತು ಯಾರಾದರೂ ಬರೆದ ಕೋಡ್ ಓದುವಾಗ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಮೆಲ್ಲಗೆ ಉಜ್ಜುತ್ತಿದ್ದರು. ಏನೋ ಎಣಿಸುತ್ತಿದ್ದಾರೆ ಎಂದುಕೊಂಡಿದ್ದೆ. ಮಿಲ್ಲಿಗೆ ಹೋದ ದಿನ ಗೊತ್ತಾಯಿತು. ಅವರ ಅಣ್ಣ ಬೀಳುತ್ತಿರುವ ಹಿಟ್ಟಿಗೆ ಕೈಯೊಡ್ಡಿ, ನಯ ನೋಡಲು, ಅದೇ ಎರಡು ಬೆರಳನ್ನು ಹಾಗೇ ಉಜ್ಜುತ್ತಿದ್ದರು.

ಮಿಲ್ಲಿಗೆ ಹೋದದ್ದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಕಲಿಯಲೆಂದು ನಾನೂ ಆಪ್‌ನ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಒಂದಿಷ್ಟು ಕೋಡ್ ಬರೆಯುತ್ತಿದ್ದೆ. ಸರ್ವರಿನಿಂದ ರೋಗಿಯ ವಿವರ ತರಿಸಿಕೊಂಡು, ವೇರಿಯೇಬಲ್ ಎಂಬ ಒಂದು ಡಬ್ಬಿಯಲ್ಲಿ ಇಟ್ಟುಕೊಂಡು, ಮುಂದಿನ ಸಾಲಿನಲ್ಲೇ ತೋರಿಸು ಎಂದರೆ ಪ್ರತಿ ಸಲವೂ ಏನೂ ಇಲ್ಲ ಎಂದೇ ಬರುತ್ತಿತ್ತು. ಸರ್ವರ್ ಉತ್ತರವನ್ನು ಕಳಿಸುತ್ತಿತ್ತು. ಆದರೂ ನನ್ನ ಡಬ್ಬಿ ಖಾಲಿ. ಅರ್ಧ ದಿನ ತಲೆ ಕೆಟ್ಟು ಕೂತಿದ್ದವಳನ್ನು ಮೇಡಂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರು.

"ಎಲ್ಲಿಗೆ ಮೇಡಂ?"

"ಅಮ್ಮ ಗೋಧಿ ಹಾಕ್ಸು ಅಂದಿದ್ರು. ನಿನ್ ಪಾಠಾನೂ ಅಲ್ಲೇ ಆಗುತ್ತೆ."

ಮಿಲ್ಲಿನ ಮುಂದೆ ಸಾಲಾಗಿ ಡಬ್ಬಿಗಳು. ಪ್ರತಿಯೊಂದರ ಮುಚ್ಚಳದ ಕೆಳಗೆ ಒಂದು ಚೀಟಿ. ಕೆಲವರು ನಿಂತಿದ್ದರು. ಕೆಲವರು ಡಬ್ಬಿ ಇಟ್ಟು ತರಕಾರಿಗೆ ಹೋಗಿದ್ದರು. ಮೇಡಂ ಮೇಲಿನ ಮನೆಯಿಂದ ಗೋಧಿ ಡಬ್ಬಿ ತಂದು ಸಾಲಿನ ಕೊನೆಗೆ ಇಟ್ಟು ನನ್ನ ಕಡೆ ತಿರುಗಿ, "ಈಗ ಮುಚ್ಚಳ ತೆಗೆದು ಹಿಟ್ಟು ಕೊಡು" ಎಂದರು.

"ಇನ್ನೂ ಬೀಸೇ ಇಲ್ವಲ್ಲ ಮೇಡಂ."

"ನೀನು ಮಾಡ್ತಿರೋದು ಇದೇನೇ. ಡಬ್ಬಿ ಇಟ್ಟಿದ್ದೇ ತಡ, ಮುಂದಿನ್ ಸಾಲಲ್ಲಿ ಹಿಟ್ಟೆಲ್ಲಿ ಅಂತ ಕೇಳ್ತಿದೀಯ. ಜಾವಾಸ್ಕ್ರಿಪ್ಟ್ ಕಾಯ್ತಾ ನಿಲ್ಲಲ್ಲ, ತರಕಾರಿಗೆ ಹೋಗುತ್ತೆ. ಹಿಟ್ಟು ಆದಾಗ ಏನ್ ಮಾಡ್ಬೇಕು ಅಂತ ಮುಂಚೇನೇ ಹೇಳಿ ಹೋಗ್ಬೇಕು."

ಅಷ್ಟರಲ್ಲಿ ಅಣ್ಣ ಒಂದು ಡಬ್ಬಿಯೆತ್ತಿ, ಯಂತ್ರದ ಸದ್ದನ್ನೂ ಮೀರಿ ಕೂಗಿದರು: "ರಾಗಿ, ಮೂರ್ ಕೆಜಿ, ಹತ್ತನೇ ಮೇನ್ ರೋಡು!"

"ನಂದೇ, ಹಾಕಣ್ಣ!" ಎಂದು ಸಾಲಿನಿಂದ ಒಬ್ಬ ಹೆಂಗಸು ಕೂಗಿದ ಮೇಲೆಯೇ ರಾಗಿ ಯಂತ್ರದ ಬಾಯಿಗೆ ಬಿದ್ದದ್ದು. ಮುಂದಿನ ಡಬ್ಬಿಯ ಚೀಟಿ ಓದಿ ಕೂಗಿದರು. ಯಾರೂ ಓಗೊಡಲಿಲ್ಲ. ಆ ಡಬ್ಬಿಯನ್ನು ಪಕ್ಕಕ್ಕಿಟ್ಟು ಅದರ ಮುಂದಿನದನ್ನು ಎತ್ತಿಕೊಂಡರು. ಕೂಗದೆ ಸುರಿಯಬಾರದು, ಓಗೊಡದೆ ಸುರಿಯಬಾರದು. ಇದು ಅವರ ತಂದೆ ಮಾಡಿದ ಪದ್ಧತಿ. ಒಮ್ಮೆ ಮದುವೆ ಮನೆಯವರ ಅಕ್ಕಿಯ ಮೇಲೆ ಯಾರದೋ ಕಡಲೆಬೇಳೆ ಬಿದ್ದು ರಂಪವಾದ ಮೇಲೆ ಶುರುವಾದದ್ದಂತೆ.

"ಇನ್ನೊಂದ್ ನೋಡು," ಎಂದರು ಮೇಡಂ. "ಹಿಟ್ಟು ಬೀಳೋ ಕಡೆ ಅವರವರ ಡಬ್ಬೀನೇ ಇಡ್ತಾನೆ. ಮಿಲ್ಲಿಂದು ಅಂತ ಒಂದು ದೊಡ್ಡ ಡಬ್ಬಿ ಮಧ್ಯದಲ್ಲಿಟ್ಟು, ಎಲ್ಲರದ್ದೂ ಅದಕ್ಕೇ ಬೀಳ್ಸಿ, ಆಮೇಲೆ ಕೊಟ್ರೆ?"

"ಕಲಸಿಹೋಗುತ್ತೆ."

"ಅಷ್ಟೇ ಸ್ಕೋಪು ಅಂದ್ರೆ. ಫಂಕ್ಷನ್ ಒಳಗೆ ಇಟ್ಕೊಂಡಿದ್ದು ನಿನ್ ಡಬ್ಬಿ. ಹೊರಗಿಟ್ಟಿದ್ದಕ್ಕೆ ಯಾರ್ ಬೇಕಾದ್ರೂ ಬಂದು ಸುರೀಬಹುದು."

ಕಾಲೇಜಿನಲ್ಲಿ ಇದನ್ನೇ ಓದಿ ಪರೀಕ್ಷೆ ಬರೆದಿದ್ದೆ. ಅರ್ಥವಾದದ್ದು ತಲೆಗೂದಲಿಗೆ ಹಾರಿ ಕೂತ ರಾಗಿಹಿಟ್ಟಿನೊಂದಿಗೆ ಮನೆಗೆ ಬಂದ ಆ ಸಂಜೆ.

ಮಿಲ್ಲಿನ ಈ ಕೂಗುವ ಪದ್ಧತಿಯನ್ನು ಮೇಡಂ ನಮ್ಮ ಸಿಸ್ಟರುಗಳಿಗೂ ಹಾಕಿದರು. ಆಪ್ ಏನೇ ತೋರಿಸಲಿ, ಔಷಧ ಕೊಡುವ ಮುಂಚೆ ಹೆಸರು, ಔಷಧ, ಎಷ್ಟು ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ರೋಗಿಯೋ ಮನೆಯವರೋ ಹೌದು ಎನ್ನಬೇಕು. ಸಿಸ್ಟರುಗಳಿಗೆ ಇದು ಹಿಡಿಸಲಿಲ್ಲ.

"ನಾವೇನ್ ಹರಾಜು ಕೂಗೋರಾ ಮೇಡಂ? ಆಪ್ ಇರೋದ್ಯಾಕೆ ಮತ್ತೆ?" ಎಂದು ಒಬ್ಬರು ಮೀಟಿಂಗಿನಲ್ಲೇ ಕೇಳಿದರು.

"ಆಪ್ ಬರ್ದಿರೋದು ನಾನು. ಅದಕ್ಕೇ ಕೂಗಿ" ಎಂದರು ಮೇಡಂ. ಎಲ್ಲರೂ ನಕ್ಕರು. ಆಗ ಅದು ತಮಾಷೆಯೆಂದೇ ನಾವು ತಿಳಿದಿದ್ದೆವು.

ಆ ಬೆಳಿಗ್ಗೆ ಟಿ ಬ್ಲಾಕಿನ ಮನೆಯಲ್ಲಿ ಸಿಸ್ಟರ್ ಸಿರಿಂಜನ್ನು ಬೆಳಕಿಗೆ ಹಿಡಿದು, ಅಭ್ಯಾಸಬಲದಿಂದ, ಬೇಸರದ ದನಿಯಲ್ಲಿ ಅಜ್ಜಿಯ ಹೆಸರು ಹೇಳಿ, "ಇನ್ಸುಲಿನ್, ಮೂವತ್ತೆಂಟು ಯೂನಿಟ್, ಸರೀನಾ ಅಜ್ಜಿ?" ಎಂದರು.

ಅಜ್ಜಿ ನಕ್ಕುಬಿಟ್ಟರು. "ಮೂವತ್ತೆಂಟು ನಮ್ಮನೆಯವ್ರ ಷರ್ಟಿನ ಸೈಜು ಕಣಮ್ಮ! ನಂಗೆ ಎಂಟು!"

ಸಿಸ್ಟರ್ ಕೈ ನಿಂತಲ್ಲೇ ನಿಂತಿತು. ನಾನು "ಎಂಟೇ ಇತ್ತು, ನಾನೇ ನೋಡಿದೀನಿ" ಎಂದು ಕೂಗಿದೆ. ನನ್ನ ದನಿ ನನಗೇ ಹೊಸದಾಗಿತ್ತು. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಡಾಕ್ಟರ ಚೀಟಿ ನೋಡಿದೆವು. ಎಂಟು. ಸಿಸ್ಟರ್ ಸಿರಿಂಜಿನಲ್ಲಿದ್ದದ್ದನ್ನು ಸಿಂಕಿಗೆ ಚೆಲ್ಲಿ ಗೋಡೆಗೊರಗಿ ನಿಂತರು.

ಮೇಡಂಗೆ ಫೋನ್ ಮಾಡಿದೆ. ಏನು ಹೇಳಿದೆನೋ, ಅಳುತ್ತಿದ್ದೆನೋ, ನೆನಪಿಲ್ಲ. ಅವರ ಮೊದಲ ಮಾತು ನೆನಪಿದೆ.

"ಚುಚ್ಚಿದ್ರಾ?"

"ಇಲ್ಲ."

"ಅಜ್ಜಿ ಹೇಗಿದಾರೆ?"

"ನಗ್ತಿದಾರೆ."

ಒಂದು ಉಸಿರು ಕೇಳಿಸಿತು. "ಸರಿ. ನೀನು ಅಲ್ಲೇ ಕೂತ್ಕೊ. ಇವತ್ತು ಹೊರಗಿರೋ ಎಲ್ಲಾ ಸಿಸ್ಟರ್‌ಗೂ ಫೋನ್ ಮಾಡು. ಆಪ್ ಮುಚ್ಚಿ, ಡಾಕ್ಟ್ರ ಚೀಟಿ ನೋಡಿ ಕೊಡಿ ಅನ್ನು. ಯಾರು ಎತ್ತಲ್ವೋ ನಂಗೆ ಹೇಳು."

ಬಿಳೇಕಹಳ್ಳಿಗೆ ಹೋಗಿದ್ದ ಸಿಸ್ಟರ್ ಒಬ್ಬರು ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಲ್ಲೊಬ್ಬರು ತಾತ, ಒಬ್ಬರೇ ಇರುವವರು, ಅವರಿಗೂ ಇನ್ಸುಲಿನ್ನೇ. ಮೇಡಂಗೆ ಹೇಳಿದೆ. "ಹೊರಟೆ" ಎಂದಷ್ಟೇ ಹೇಳಿದರು, ಹಿಂದೆಯೇ ಸ್ಕೂಟರ್ ಶುರುವಾದ ಸದ್ದು.

ಆಮೇಲಿನ ಹೊತ್ತನ್ನು ನಾನು ಇನ್ನೂ ಪೂರ್ತಿ ದಾಟಿಲ್ಲ. ಅಜ್ಜಿ ತಮ್ಮ ಎಂಟು ಯೂನಿಟ್ ಹಾಕಿಸಿಕೊಂಡು, ಉಪ್ಪಿಟ್ಟು ತಿಂದು, ನನಗೂ ತಟ್ಟೆಯಲ್ಲಿ ಹಾಕಿಕೊಟ್ಟು, "ತಿನ್ನಮ್ಮ, ನಂಗೇನೂ ಆಗಿಲ್ವಲ್ಲ" ಎನ್ನುತ್ತಿದ್ದರು. ನಾನು ಬಿಳೇಕಹಳ್ಳಿಗೆ ಹೋಗುವ ಬನ್ನೇರುಘಟ್ಟ ರಸ್ತೆಯ ಆ ಹೊತ್ತಿನ ಟ್ರಾಫಿಕ್ಕನ್ನು ಮನಸ್ಸಿನಲ್ಲೇ ಒಂದೊಂದು ಸಿಗ್ನಲ್ಲಾಗಿ ದಾಟುತ್ತಿದ್ದೆ. ಬಾಗಿಲು ಹಾಕಿದ್ದರೆ? ತಾತ ಒಳಗೆ ಬಿದ್ದಿದ್ದರೆ? ಉಪ್ಪಿಟ್ಟು ಆರಿಹೋಯಿತು.

ಫೋನ್ ಬಂತು. ಹಿನ್ನೆಲೆಯಲ್ಲಿ ಟಿವಿಯ ಭಕ್ತಿಗೀತೆ. "ಬದುಕಿದ್ವಿ ಕಣೇ," ಎಂದರು ಮೇಡಂ. "ತಾತ ಇಡ್ಲಿ ತಿಂತಿದಾರೆ. ಚೀಟೀಲಿ ಹನ್ನೆರಡು, ಹನ್ನೆರಡೇ ಕೊಟ್ಟಿದಾರೆ. ಸಿಸ್ಟರ್ ತಾತಂಗೆ ಸ್ನಾನ ಮಾಡಿಸ್ತಿದ್ರಂತೆ, ಫೋನು ಸೈಲೆಂಟು." ಉಳಿದ ಮನೆಗಳಿಂದಲೂ ಒಂದೊಂದಾಗಿ ಸುದ್ದಿ ಬಂತು. ಎಲ್ಲರೂ ಕ್ಷೇಮ.

ಮಧ್ಯಾಹ್ನ ಆಫೀಸಿನಲ್ಲಿ ಎಲ್ಲರೂ ಒಂದೇ ಕಂಪ್ಯೂಟರಿನ ಸುತ್ತ ನಿಂತೆವು. ನಡೆದದ್ದೇನೆಂದು ಸಿಸ್ಟರ್ ಹೇಳಿದರು. ಹೆಬ್ಬೆರಳು ತಾಗಿ ಮೊದಲು ಜೆ.ಪಿ. ನಗರದ ಬೇರೊಬ್ಬರ ಹೆಸರು ಒತ್ತಿಬಿಟ್ಟಿದ್ದರು. ಕೂಡಲೇ ವಾಪಸ್ ಬಂದು ಅಜ್ಜಿಯ ಹೆಸರು ಒತ್ತಿದರು. ಅಷ್ಟೇ. ಆದರೆ ಆಪ್ ಎರಡೂ ಸಲ ಸರ್ವರನ್ನು ಕೇಳಿತ್ತು. ಅಜ್ಜಿಯ ಉತ್ತರ ಮೊದಲು ಬಂತು: 8. ಜೆ.ಪಿ. ನಗರದವರದು ಎಲ್ಲೋ ತಡವಾಗಿ, ಆಮೇಲೆ ಬಂತು: 38. ಬಂದದ್ದು ನೇರವಾಗಿ ಅಜ್ಜಿಯ ಹೆಸರಿನ ಕೆಳಗೆ ಹೋಗಿ ಕೂತಿತು. ನಮ್ಮ ಆಫೀಸಿನ ಇಂಟರ್‌ನೆಟ್ಟಿನಲ್ಲಿ ಉತ್ತರಗಳು ಕಣ್ಣು ಮಿಟುಕಿಸುವಷ್ಟರಲ್ಲಿ, ಕೇಳಿದ ಕ್ರಮದಲ್ಲೇ ಬರುತ್ತಿದ್ದವು. ದೊಡ್ಡ ಮರಗಳ ಕೆಳಗಿನ ಆ ಬೀದಿಯಲ್ಲಿ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು.

ಮೇಡಂ ಕೋಡ್ ಓದುತ್ತ ಹೋದರು. ಬೆರಳು ಉಜ್ಜುತ್ತಿದ್ದವು. ಒಂದು ಕಡೆ ನಿಂತವು.

ಔಷಧದ ಪ್ರಮಾಣವನ್ನು ಇಟ್ಟುಕೊಳ್ಳುವ ವೇರಿಯೇಬಲ್ಲನ್ನು ಫಂಕ್ಷನ್ನಿನ, ಅಂದರೆ ಆ ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡಿನ, ಹೊರಗೆ, ಎಲ್ಲರಿಗೂ ಸಿಗುವ ಹಾಗೆ ಬರೆಯಲಾಗಿತ್ತು. ಯಾವ ಪ್ರಶ್ನೆಯ ಉತ್ತರ ಬಂದರೂ ಅದೇ ಒಂದರೊಳಗೆ ಬೀಳುತ್ತಿತ್ತು. ಮಿಲ್ಲಿನ ಮಧ್ಯೆ ಇಟ್ಟ ದೊಡ್ಡ ಡಬ್ಬಿ.

"ಯಾರ್ ಮಗಾ ಇದು ಬರ್ದಿದ್ದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಾನು," ಎಂದರು ಮೇಡಂ. "ಈ ಸಾಲು ನಂದು. ಒಂದೇ ಮನೆ, ಒಬ್ಬರೇ ಸಿಸ್ಟರ್ ಇದ್ದಾಗ ಬರ್ದಿದ್ದು. ಆಮೇಲೆ ಸರಿ ಮಾಡೋಣ ಅಂತ ಬಿಟ್ಟೆ. ಬಿಟ್ಟಿದ್ದು ಮರೆತೆ."

ನನಗೆ ಮಿಲ್ಲಿನ ಮುಂದೆ ಇದೇ ಪಾಠ ಹೇಳಿದ್ದು ತಾವೇ ಎಂಬುದು ಅವರಿಗೂ ನೆನಪಾಗಿರಬೇಕು, ನನ್ನ ಕಡೆ ನೋಡಿ ಮುಖ ತಿರುಗಿಸಿದರು.

ನಮ್ಮ ಬಾಸ್ ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರೇ. "ಯಾರಿಗೂ ಏನೂ ಆಗಿಲ್ವಲ್ಲ ಮೇಡಂ, ಇವತ್ತೇ ಸರಿ ಮಾಡಿ ಸುಮ್ನಿದ್ಬಿಡೋಣ. ಹೇಳಿದ್ರೆ ಒಬ್ರೂ ನಮ್ಮನ್ನ ಮನೆಯೊಳಗೆ ಬಿಡಲ್ಲ" ಎಂದರು.

"ಏನೂ ಆಗಿಲ್ಲ ಅಂತ ನಮಗ್ ಹೇಗ್ ಗೊತ್ತು? ಕೇಳಿದೀವಾ?"

ಕೇಳಿದೆವು. ಆ ದಿನವೂ ಮರುದಿನವೂ ಕೂತು ಪ್ರತಿಯೊಂದು ಮನೆಗೂ ಫೋನ್ ಮಾಡಿದೆವು. ಇಂಥ ತಪ್ಪಾಗಿದೆ, ನಮ್ಮದೇ ತಪ್ಪು, ಸರಿಯಾಗುವವರೆಗೆ ಡಾಕ್ಟರ ಚೀಟಿ ನೋಡಿಯೇ ಕೊಡುತ್ತೇವೆ, ನಿಮ್ಮ ಮನೆಯಲ್ಲಿ ಯಾವತ್ತಾದರೂ ಅಂಕಿ ಬೇರೆ ಬಂದಿತ್ತೇ? ಕೆಲವರು ಬೈದರು. ಒಬ್ಬರು ಅಲ್ಲೇ ನಮ್ಮನ್ನು ಬಿಟ್ಟರು. ಬನಶಂಕರಿಯ ಒಂದು ಮನೆಯವರು ಮಾತ್ರ ಸಾವಧಾನವಾಗಿ ಹೇಳಿದರು: "ಹೂಂ, ಹೋದ್ಸಲ ಯಾಕೋ ನಂಬರ್ ಬೇರೆ ಅಂದ್ರು. ನಾವು ಅಲ್ಲ ಅಂದ್ವಿ. ಸಿಸ್ಟರ್ ಚೀಟಿ ನೋಡಿ ಸರಿಯಾಗಿ ಕೊಟ್ರು. ಅದೇನ್ ದೊಡ್ಡದಲ್ಲ ಬಿಡಿ."

ಬಿ.ಟಿ.ಎಂ. ಲೇಔಟಿನ ಇನ್ನೊಂದು ಮನೆಯವರೂ ಅದನ್ನೇ ಹೇಳಿದರು. ತಪ್ಪು ಮುಂಚೆಯೂ ಆಗಿತ್ತು. ಸಿಸ್ಟರುಗಳು ತಾವೇ ತಪ್ಪು ಓದಿದೆವು ಎಂದುಕೊಂಡು, ಸರಿ ಮಾಡಿಕೊಂಡು, ಮುಂದಿನ ಮನೆಗೆ ಹೋಗಿದ್ದರು. ಯಾರೂ ಆಫೀಸಿಗೆ ಹೇಳಿರಲಿಲ್ಲ.

"ನೋಡಿ ಮೇಡಂ, ನೀವ್ ಹಾಕಿದ್ ಪದ್ಧತಿ ಎಲ್ಲರನ್ನೂ ಕಾಪಾಡಿದೆ" ಎಂದೆ. ಅವರಿಗೆ ಸಮಾಧಾನವಾಗಲಿ ಎಂದು.

"ಕಾಪಾಡಿದೆ. ನನ್ ತಪ್ಪನ್ನೂ ಇಷ್ಟು ದಿನ ಮುಚ್ಚಿಟ್ಟಿದೆ," ಎಂದರು. "ನಮ್ಮಪ್ಪ ಬರೀ ಕೂಗ್ತಿರ್ಲಿಲ್ಲ ಕಣೇ. ಯಾರಾದ್ರೂ ಅಲ್ಲ ಅಂದ್ರೆ ಮಿಲ್ಲು ನಿಲ್ಲಿಸ್ತಿದ್ರು. ಯಾಕೆ ಅಲ್ಲ ಅಂತ ತಿಳ್ಕೊಂಡೇ ಮತ್ತೆ ಶುರು. ಅರ್ಧ ಪದ್ಧತೀನ ಮಾತ್ರ ನಾನ್ ತಂದಿದ್ದೆ."

ಅಂದಿನಿಂದ ನಿಯಮಕ್ಕೆ ಇನ್ನರ್ಧ ಸೇರಿತು. ಮನೆಯವರು ಅಲ್ಲ ಎಂದರೆ ಸಿಸ್ಟರ್ ಅಲ್ಲೇ ನಿಂತು ಆಫೀಸಿಗೆ ಫೋನ್ ಮಾಡಬೇಕು. ಈಗಲೂ ಮಾಡುತ್ತಾರೆ. ಹೆಚ್ಚಿನ ಸಲ ಡಾಕ್ಟರು ಪ್ರಮಾಣ ಬದಲಿಸಿ ನಮಗೆ ತಿಳಿಸದಿರುವುದೇ ಕಾರಣವಾಗಿರುತ್ತದೆ. ಆದರೂ ಮಾಡುತ್ತಾರೆ, ಹರಾಜಿನ ತಮಾಷೆ ಮಾಡುವುದಿಲ್ಲ.

ಆ ವಾರವೆಲ್ಲ ಮೇಡಂ ಕೋಡನ್ನು ಬಿಚ್ಚಿ ಕೂತರು. ಹೊರಗಿದ್ದ ಡಬ್ಬಿ ಒಳಗೆ ಬಂತು. ಪ್ರತಿ ಪ್ರಶ್ನೆಯೂ ತಾನು ಯಾರ ಹೆಸರಿನಲ್ಲಿ ಹೊರಟೆ ಎಂಬುದನ್ನು ತನ್ನೊಳಗೇ ಇಟ್ಟುಕೊಂಡು ಹೋಗುವಂತಾಯಿತು. ಉತ್ತರ ಬಂದಾಗ ಪರದೆಯ ಮೇಲಿರುವ ಹೆಸರು ಅದೇ ಇದ್ದರೆ ಒಳಗೆ. ಇಲ್ಲದಿದ್ದರೆ ಬಂದ ದಾರಿ. ಬರೆದದ್ದು ಕೆಲವೇ ಸಾಲು. ಆದರೆ ಪ್ರತಿ ಸಾಲನ್ನೂ ನನ್ನ ಕೈಯಲ್ಲಿ ಓದಿಸಿದರು. "ಇನ್ಮೇಲೆ ನಾನ್ ಬರ್ದಿದ್ದು ಅಂತ ಬಿಡ್ಬೇಡ. ನಾನ್ ಬರ್ದಿದ್ದು ಅಂತಾನೇ ನೋಡು."

ಆ ದಿನಗಳಲ್ಲಿ ನನಗೆ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಅಂಕಿ ಮಿಣುಕುತ್ತಿತ್ತು. ಹಾಗೆಂದು ಒಮ್ಮೆ ಹೇಳಿದ ಮೇಲೆ ಬೆಳಿಗ್ಗೆ ಆರಕ್ಕೆ ಮೇಡಂ ಮೆಸೇಜು ಬರತೊಡಗಿತು. "ನಿದ್ದೆ?" ನಾನು "ಇಲ್ಲ. ನಿಮಗೆ?" ಎಂದು ಕಳಿಸುತ್ತಿದ್ದೆ. "ಇಲ್ಲ." ಅಷ್ಟೇ. ಒಬ್ಬಳೇ ಎಚ್ಚರವಾಗಿಲ್ಲ ಎಂಬ ಆ ಒಂದು ಪದಕ್ಕಾಗಿ ನಾನು ಆರು ಗಂಟೆಯನ್ನು ಕಾಯುತ್ತಿದ್ದೆ.

ಹೊಸ ಆಪ್ ಸಿದ್ಧವಾದ ಶನಿವಾರ ಮೇಡಂ, ಸಿಸ್ಟರ್, ನಾನು ಮೂವರೂ ಟಿ ಬ್ಲಾಕಿನ ಅಜ್ಜಿಯ ಮನೆಗೆ ಹೋದೆವು. ಅಜ್ಜಿ ನಮ್ಮನ್ನು ಬಿಟ್ಟಿರಲಿಲ್ಲ. ಮೇಡಂ ಬಾಗಿಲಲ್ಲೇ ನಿಂತು, "ಅಮ್ಮ, ಅವತ್ತಿನ ತಪ್ಪು ನಂದು" ಎಂದರು.

"ಒಳಗ್ ಬಾಮ್ಮ, ಬಾಗಿಲಲ್ಲಿ ನಿಂತ್ಕೊಂಡು ಇಂಥ ಮಾತಾಡಬಾರದು," ಎಂದರು ಅಜ್ಜಿ. ಹೊಸ ಆಪನ್ನು ಇಲ್ಲೇ ಪರೀಕ್ಷಿಸಲು ಬಂದಿದ್ದೇವೆ ಎಂದೆವು. "ಈ ಮರದ ಕೆಳಗೆ ಸಿಗ್ನಲ್ಲೇ ಸಿಗಲ್ಲ ಅಂತ ನನ್ ಮಗ ದಿನಾ ಬೈತಾನೆ."

"ನಮಗೆ ಅದೇ ಬೇಕಾಗಿರೋದು ಅಮ್ಮ."

ಸಿಸ್ಟರ್ ಬೇಕೆಂದೇ ಮೊದಲು ಬೇರೆಯವರ ಹೆಸರು ಒತ್ತಿ, ವಾಪಸ್ ಬಂದು, ಅಜ್ಜಿಯ ಹೆಸರು ಒತ್ತಿದರು. 8 ಬಂತು. ನಾವು ಕಾದೆವು. ಅಜ್ಜಿಯೂ ಕನ್ನಡಕ ಹಾಕಿಕೊಂಡು ಪರದೆಯನ್ನೇ ನೋಡುತ್ತ ಕಾದರು. ಪರೀಕ್ಷೆಗೆಂದು ಮೇಡಂ ಪರದೆಯ ತಳದಲ್ಲಿ ಒಂದು ಸಾಲು ಬರುವ ಹಾಗೆ ಮಾಡಿದ್ದರು. ಎಷ್ಟೋ ಹೊತ್ತಿನ ಮೇಲೆ ಅದು ಬಂತು: ಬೇರೆ ಹೆಸರಿನ ಉತ್ತರ ಬಂದಿದೆ, ಬಿಟ್ಟಿದ್ದೇನೆ. ಮೇಲಿನ 8 ಅಲುಗಲಿಲ್ಲ.

ಮತ್ತೆ ಮಾಡಿದೆವು. ಇನ್ನೊಂದು ಸಲ ಮಾಡಿದೆವು. ಮೇಡಂ ಬೆರಳು ಉಜ್ಜತೊಡಗಿದ್ದನ್ನು ನೋಡಿದೆ, ಆ ಮಧ್ಯಾಹ್ನ ನಿಂತ ಮೇಲೆ ಮೊದಲ ಸಲ.

ಸಿಸ್ಟರ್ ಸಿರಿಂಜ್ ಎತ್ತಿ, ಈ ಸಲ ಬೇಸರವಿಲ್ಲದ ದನಿಯಲ್ಲಿ, ಅಜ್ಜಿಯ ಹೆಸರು ಕೂಗಿ, "ಇನ್ಸುಲಿನ್, ಎಂಟು ಯೂನಿಟ್, ಸರೀನಾ?" ಎಂದರು.

"ನಂದೇ, ಹಾಕಮ್ಮ" ಎಂದರು ಅಜ್ಜಿ. ಮಿಲ್ಲಿನ ಕಥೆ ಅವರಿಗೆ ಗೊತ್ತಿರಲಿಲ್ಲ. ಮೇಡಂ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅದಾದ ಮೇಲೂ ಮೇಡಂ ಒಂದು ವರ್ಷದಷ್ಟು ನಮ್ಮೊಂದಿಗಿದ್ದರು. ಬಿಟ್ಟು ಹೋದದ್ದು ಆ ತಪ್ಪಿಗಾಗಿ ಅಲ್ಲ. ಅಣ್ಣನಿಗೆ ಮಂಡಿನೋವು, ಮಿಲ್ಲು ನೋಡಿಕೊಳ್ಳುವವರು ಬೇಕಿತ್ತು. ಅವರ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಹೊಸಬರು ಹೊರಗೆ ಡಬ್ಬಿ ಇಟ್ಟರೆ ಬನಶಂಕರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಸೀರೆಯ ಸೆರಗು ಸಿಕ್ಕಿಸಿ, ಬಿಳಿ ಶೂ ಹಾಕಿಕೊಂಡು, ಯಂತ್ರದ ಸದ್ದನ್ನೂ ಮೀರಿ ಮೇಡಂ ಕೂಗುತ್ತಿರುತ್ತಾರೆ.

ಆ ಶನಿವಾರದ ಮರುದಿನ, ಭಾನುವಾರ, ನಾನು ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮಲಗಿದ್ದೆ. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಫೋನ್ ನೋಡಿದೆ. ಆರು ಗಂಟೆಯ ಮೆಸೇಜು ಇರಲಿಲ್ಲ. ಮೇಡಂಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಾಯಿ.

"ಅವಳಿನ್ನೂ ಎದ್ದಿಲ್ಲಮ್ಮ. ಎಷ್ಟೋ ದಿನ ಆಗಿತ್ತು ಹಿಂಗ್ ಮಲಗಿ. ಎಬ್ಬಿಸ್ಲಾ?"

"ಬೇಡ ಅಮ್ಮ, ಬೇಡ. ಮಲಗ್ಲಿ."

"ಎದ್ದ್ ಮೇಲೆ ಹೇಳ್ತೀನಿ. ಹೆಸರು ಹೇಳು."

ಹೇಳಿದೆ. ಅವರು ಅದನ್ನು ಒಮ್ಮೆ ಗಟ್ಟಿಯಾಗಿ ತಿರುಗಿ ಹೇಳಿ, "ಸರೀನಾ?" ಎಂದು ಕೇಳಿದರು. ನಾನು ಹೌದು ಎನ್ನುವವರೆಗೆ ಫೋನ್ ಇಡಲಿಲ್ಲ.